ಸಿಕ್ಕಾದ ಮೇಲಿನ ಗುರುತು ಯಾರದು?

"ಈ ಹತ್ತರ ಕಾಯಿನ್ ನಡ್ಯಾಂಗಿಲ್ರಿ ಯಕ್ಕಾ, ನೋಟ ಇದ್ರ ಕೊಡ್ರಿ." ವಿಜಯಪುರದ ಶಾಸ್ತ್ರಿ ಮಾರ್ಕೆಟ್ಟಿನಲ್ಲಿ ಮೆಂತ್ಯೆ ಸಿವುಡು ಕೊಳ್ಳಲು ನಿಂತವರಾಗಲಿ, ತಿಕೋಟಾ, ಬಬಲೇಶ್ವರದ ಸಂತೆಗೆ ಹೋದವರಾಗಲಿ ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಯಾಕೆ ನಡೆಯುವುದಿಲ್ಲ ಎಂದರೆ ಉತ್ತರ ಸಿದ್ಧವಿರುತ್ತದೆ: ಹತ್ತು ಗೆರೆ ಇದ್ದದ್ದು ಖರೇ, ಹದಿನೈದು ಗೆರೆ ಇದ್ದದ್ದು ಖೋಟಾ. ಪಕ್ಕದ ಅಂಗಡಿಯವನನ್ನು ಕೇಳಿದರೆ ಅವನದು ಬೇರೆ ಶಾಸ್ತ್ರ. ರೂಪಾಯಿಯ ಚಿಹ್ನೆ ಇಲ್ಲದ್ದೆಲ್ಲ ಖೋಟಾ. ಇಬ್ಬರೂ ನಾಣ್ಯವನ್ನು ಸರಿಯಾಗಿಯೇ ನೋಡಿದ್ದಾರೆ. ತಪ್ಪಿದ್ದು ತೀರ್ಮಾನ ಮಾತ್ರ.

ಹತ್ತು ರೂಪಾಯಿ ನಾಣ್ಯ ಜನರ ಕೈಗೆ ಬಂದದ್ದು 2009ರಲ್ಲಿ. ಅಲ್ಲಿಂದ ಮುಂದೆ ಅದರ ವಿನ್ಯಾಸ ಬದಲಾಗುತ್ತಲೇ ಬಂತು. ಮೊದಮೊದಲಿನ ಕೆಲವುಗಳಲ್ಲಿ ಹದಿನೈದು ಗೆರೆಗಳು ಕಿರಣಗಳಂತೆ ಹೊರಟಿವೆ. ರೂಪಾಯಿಗೆ ಹೊಸ ಚಿಹ್ನೆ ಒಪ್ಪಿಗೆಯಾದದ್ದು 2010ರ ಜುಲೈನಲ್ಲಿ. 2011ರಿಂದ ಆ ಚಿಹ್ನೆ ನಾಣ್ಯದ ಮೇಲೂ ಬಂತು, ಗೆರೆಗಳು ಹತ್ತಾದವು. ನಡುನಡುವೆ ಮಹನೀಯರ, ಸಂಸ್ಥೆಗಳ ನೆನಪಿಗೆ ಬಿಡುಗಡೆಯಾದ ನಾಣ್ಯಗಳು ಬೇರೆ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಣೆ ಹೊರಡಿಸಿ, ಅಲ್ಲಿಯವರೆಗೆ ಬಂದ 14 ವಿನ್ಯಾಸಗಳೂ ಚಲಾವಣೆಗೆ ಯೋಗ್ಯ ಎಂದು ಹೇಳಬೇಕಾಯಿತು. ಆದರೂ ಸಂತೆ ತನ್ನದೇ ಕಾಯ್ದೆಯಲ್ಲಿ ಕೆಲವು ಕಾಲ ನಡೆಯಿತು.

ಇದನ್ನು ಬರೀ ಅಜ್ಞಾನ ಎಂದು ತಳ್ಳಿಹಾಕುವವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ನಾಣ್ಯದ ಮೇಲಿನ ಗುರುತು ಎಂಬುದು ಅಚ್ಚು ಹಾಕಿಸಿದವನು ಮತ್ತು ಕೈಯೊಡ್ಡಿ ತೆಗೆದುಕೊಳ್ಳುವವನ ನಡುವಿನ ಒಪ್ಪಂದ. ಗುರುತು ಹಾಕಿಸುವ ಅಧಿಕಾರ ದೊರೆಯದೋ ಸರ್ಕಾರದ್ದೋ ಇರಬಹುದು. ಅದನ್ನು ನಂಬುವ ಅಧಿಕಾರ ಯಾವತ್ತೂ ಸಂತೆಯದೇ. ಈ ಎರಡರ ಜಗ್ಗಾಟದಿಂದಲೇ ನಾಣ್ಯಗಳ ರೂಪ ಬದಲಾಗುತ್ತ ಬಂದಿದೆ, ಇಲ್ಲಿ ವಿಜಯಪುರದಲ್ಲೂ, ಅಲ್ಲಿ ದಕ್ಷಿಣ ಅಮೆರಿಕದಲ್ಲೂ.

ಮೊದಲು ಕಿಸೆಯಲ್ಲಿರುವುದನ್ನೇ ಓದೋಣ. ನಾಣ್ಯದ ಮುಮ್ಮುಖ ಎಂದರೆ ಸಿಂಹಗಳಿರುವ ಬದಿ. ಸಾರನಾಥದ ಅಶೋಕ ಸ್ತಂಭದ ಬೋದಿಗೆಯಲ್ಲಿ ನಾಲ್ಕು ಸಿಂಹಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ಚಪ್ಪಟೆ ಚಿತ್ರದಲ್ಲಿ ಮೂರೇ ಕಾಣುತ್ತವೆ. ಅವುಗಳ ಕೆಳಗೆ ನಡುವೆ ಧರ್ಮಚಕ್ರ, ನಮ್ಮ ಬಲಕ್ಕೆ ಗೂಳಿ, ಎಡಕ್ಕೆ ಕುದುರೆ. ಇದು 1950ರ ಜನವರಿ 26ರಂದು ರಾಷ್ಟ್ರಲಾಂಛನವಾಯಿತು. ಅದೇ ವರ್ಷದ ಆಗಸ್ಟ್ 15ರಂದು ಗಣರಾಜ್ಯದ ಮೊದಲ ನಾಣ್ಯಗಳು ಬಂದಾಗ ಬ್ರಿಟನ್ನಿನ ದೊರೆಯ ತಲೆ ಹೋಗಿ ಸಿಂಹಗಳು ಬಂದವು. ರೂಪಾಯಿಯ ಹಿಮ್ಮುಖದಲ್ಲಿದ್ದ ಹುಲಿ ಹೋಗಿ ಧಾನ್ಯದ ತೆನೆ ಬಂತು. ತೆನೆ ನಾಣ್ಯವನ್ನು ಬಿಟ್ಟು ಬಹಳ ದೂರ ಹೋಗಲೇ ಇಲ್ಲ. 2019ರ ಸರಣಿಯ ನಾಣ್ಯಗಳಲ್ಲಿ ಮತ್ತೆ ಧಾನ್ಯದ ವಿನ್ಯಾಸವೇ ಇದೆ.

ಇಸವಿಯ ಕೆಳಗೆ ಕಣ್ಣು ಕಿರಿದು ಮಾಡಿ ನೋಡಿದರೆ ಇನ್ನೊಂದು ಸಣ್ಣ ಗುರುತು ಸಿಗುತ್ತದೆ. ವಜ್ರದ ಆಕಾರ ಇದ್ದರೆ ಮುಂಬಯಿ ಟಂಕಸಾಲೆ, ನಕ್ಷತ್ರವಾದರೆ ಹೈದರಾಬಾದ್, ದುಂಡು ಚುಕ್ಕೆಯಾದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಗುರುತು ಇಲ್ಲದ್ದಕ್ಕೇ ನಾಣ್ಯ ಖೋಟಾ ಎನ್ನುವವರು ಕೋಲ್ಕತ್ತದ ಇಡೀ ಟಂಕಸಾಲೆಯನ್ನೇ ಖೋಟಾ ಮಾಡಿದಂತೆ! ನೋಟು ಹೊರಡಿಸುವುದು ರಿಸರ್ವ್ ಬ್ಯಾಂಕ್. ನಾಣ್ಯ ಮಾತ್ರ ಭಾರತ ಸರ್ಕಾರದ್ದು, ಬ್ಯಾಂಕಿನದು ಹಂಚುವ ಕೆಲಸವಷ್ಟೇ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳಲ್ಲಿ ಒಟ್ಟು 1000 ರೂಪಾಯಿವರೆಗೆ, ಐವತ್ತು ಪೈಸೆ ನಾಣ್ಯಗಳಲ್ಲಿ 10 ರೂಪಾಯಿವರೆಗೆ ಒಂದು ಸಲಕ್ಕೆ ಪಾವತಿ ಮಾಡಬಹುದು. ಚಾರಾಣೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ ಕೊನೆಗೆ ಕಾನೂನಿನ ಪ್ರಕಾರವೇ ಸತ್ತವು. ಎಂಟಾಣೆ ಕಾನೂನಿನಲ್ಲಿ ಇನ್ನೂ ಜೀವಂತ. ಅದನ್ನು ಕೊಂದದ್ದು ಸಂತೆ.

ಕಣ್ಣು ಕಾಣದವರು ಕೈಯಿಂದಲೇ ಗುರುತಿಸಲಿ ಎಂದು 2019ರ ಸರಣಿಯನ್ನು ರೂಪಿಸಿದ್ದಾರೆ. ಒಂದು ರೂಪಾಯಿ 20 ಮಿಲಿಮೀಟರ್ ಅಗಲ, ಎರಡು 23, ಐದು 25, ಹತ್ತು 27. ಬೆಲೆ ಏರಿದಂತೆ ಅಗಲವೂ ತೂಕವೂ ಏರುತ್ತವೆ. ಇಪ್ಪತ್ತರದೂ 27 ಮಿಲಿಮೀಟರೇ, ಆದರೆ ಅದು ದುಂಡಗಿಲ್ಲ, ಹನ್ನೆರಡು ಮೂಲೆಯದು. ತೂಕ 8.54 ಗ್ರಾಮ್. ಬಣ್ಣವೂ ಅದಲುಬದಲು: ಹತ್ತರಲ್ಲಿ ಹೊರಗಿನ ಬಳೆ ಹಳದಿ, ನಡುವಿನದು ಬಿಳಿ, ಇಪ್ಪತ್ತರಲ್ಲಿ ಬಳೆ ಬಿಳಿ, ನಡುವೆ ಹಳದಿ. ಸಂಶಯ ಬಂದಾಗ ಗೆರೆ ಎಣಿಸುವುದನ್ನು ಬಿಟ್ಟು ಅದೇ ಸರಣಿಯ ಇನ್ನೊಂದು ನಾಣ್ಯದ ಪಕ್ಕ ಇಟ್ಟು ಅಗಲ, ದಪ್ಪ, ಬಳೆ ಕೂತ ರೀತಿ ಹೋಲಿಸಿದರೆ ಹೆಚ್ಚು ತಿಳಿಯುತ್ತದೆ.

ಚಿತ್ರ ಲೋಹಕ್ಕೆ ಇಳಿಯುವ ಬಗೆ ಗೊತ್ತಾದರೆ ಹಳೆಯ ನಾಣ್ಯ ಓದುವುದೂ ಸುಲಭ. ಈಗಿನ ಟಂಕಸಾಲೆಯಲ್ಲಿ ವಿನ್ಯಾಸವನ್ನು ಮೊದಲು ದೊಡ್ಡದಾಗಿ ಮಾಡಿ, ಯಂತ್ರದಿಂದ ನಾಣ್ಯದ ಅಳತೆಗೆ ಇಳಿಸಿ, ಉಕ್ಕಿನ ಮೂಲ ಅಚ್ಚು ತಯಾರಿಸುತ್ತಾರೆ. ಅದರಿಂದ ಕೆಲಸದ ಅಚ್ಚುಗಳು ಹುಟ್ಟುತ್ತವೆ. ಲೋಹದ ಹಾಳೆಯಿಂದ ಕತ್ತರಿಸಿದ ಬಿಲ್ಲೆಯನ್ನು ಕಾಯಿಸಿ ಮೆತ್ತಗೆ ಮಾಡಿ, ಅಂಚನ್ನು ಸ್ವಲ್ಪ ಎತ್ತರಿಸಿ, ಒಂದು ಬಳೆಯೊಳಗೆ ಕೂರಿಸುತ್ತಾರೆ. ಮೇಲೊಂದು ಕೆಳಗೊಂದು ಅಚ್ಚು ಒಂದೇ ಏಟಿಗೆ ಒತ್ತುತ್ತವೆ. ಲೋಹ ಹರಡಲು ಬಳೆ ಬಿಡದ್ದರಿಂದ ಎಲ್ಲವೂ ಒಂದೇ ಅಳತೆಗೆ ಬರುತ್ತವೆ. ಅಂಚಿನ ಗೀರುಗಳು ಬರುವುದೂ ಅದೇ ಬಳೆಯಿಂದ. ಎತ್ತರಿಸಿದ ಅಂಚು ಅಂದಕ್ಕಲ್ಲ. ನಾಣ್ಯಕ್ಕೆ ನಾಣ್ಯ ಉಜ್ಜಿದಾಗ ಪೆಟ್ಟು ತಿನ್ನುವುದು ಅದು, ನಡುವಿನ ಸಿಂಹ ಉಳಿಯುತ್ತದೆ.

ವಿಜಯಪುರವನ್ನು (ಆಗಿನ ಬಿಜಾಪುರ) ಆಳಿದ ಆದಿಲ್‌ಶಾಹಿಗಳ ಕಾಲದ ಟಂಕಸಾಲೆಯಲ್ಲಿ ಬಳೆ ಇರಲಿಲ್ಲ. ಒಂದು ಅಚ್ಚನ್ನು ಕಟ್ಟಿಗೆಯಲ್ಲೋ ಅಡಿಗಲ್ಲಿನಲ್ಲೋ ನೆಟ್ಟು, ಅದರ ಮೇಲೆ ತೂಕ ಮಾಡಿದ ತಾಮ್ರದ ತುಂಡು ಇಟ್ಟು, ಇನ್ನೊಂದು ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುವುದು. ಅಚ್ಚು ಬಿಲ್ಲೆಗಿಂತ ದೊಡ್ಡದು. ಹೀಗಾಗಿ ಬರಹದ ಪೂರ್ತಿ ಸಾಲು ಒಂದು ನಾಣ್ಯದ ಮೇಲೆ ಬೀಳುವುದೇ ಅಪರೂಪ. ಒಂದರಲ್ಲಿ ತಲೆ ಸಿಕ್ಕರೆ ಇನ್ನೊಂದರಲ್ಲಿ ಬಾಲ. ವಿಜಯಪುರದ ತಾಮ್ರದ ದುಡ್ಡನ್ನು ಓದುವವರು ಒಂದೇ ಬಗೆಯ ಹಲವಾರು ನಾಣ್ಯಗಳನ್ನು ಸಾಲಾಗಿ ಇಟ್ಟುಕೊಂಡು, ಒಂದರಲ್ಲಿ ಕಳೆದ ಅಕ್ಷರವನ್ನು ಮತ್ತೊಂದರಲ್ಲಿ ಹುಡುಕಿ ಸಾಲು ಕೂಡಿಸುತ್ತಾರೆ. ಚಿತ್ರ ಇರುವುದಿಲ್ಲ, ಊರಿನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಫಾರಸಿ–ಅರಬ್ಬಿ ಅಕ್ಷರಗಳೇ ಎಲ್ಲ.

ಹಾಗಾದರೆ ಯಾರ ನಾಣ್ಯ ಎಂದು ತಿಳಿಯುವುದು ಹೇಗೆ? ಬಿರುದಿನಿಂದ. ಒಂದನೇ ಅಲಿ ಆದಿಲ್‌ಶಾಹ (1558–1580) ಶಿಯಾ ಪಂಥದವನು. ಅವನ ತಾಮ್ರದ ಮೇಲೆ ಅವನ ಹೆಸರಿಗಿಂತ ಮುಖ್ಯವಾಗಿ ಇರುವುದು ಹಜರತ್ ಅಲಿಯ ಹೆಸರು, ದೇವರ ಜಯಶಾಲಿ ಸಿಂಹ ಎಂಬ ಅವರ ಬಿರುದು. ಇಲ್ಲೂ ಸಿಂಹ ಇದೆ, ಕೆತ್ತಿದ ಸಿಂಹವಲ್ಲ, ಬರೆದ ಸಿಂಹ. ಅವನ ನಂತರ ಬಂದ ಎರಡನೇ ಇಬ್ರಾಹಿಂ (1580–1627) ಸುನ್ನಿ ಪಂಥಕ್ಕೆ ಮರಳಿದವನು, ಸರಸ್ವತಿ–ಗಣಪತಿಯರನ್ನು ಹಾಡಿದ 'ಕಿತಾಬ್–ಎ–ನವರಸ'ದ ಕರ್ತೃ, ಜನ ಜಗದ್ಗುರು ಬಾದಶಹ ಎಂದು ಕರೆದವನು. ಅವನ ತಾಮ್ರದ ಮೇಲೆ ಒಂದು ಬದಿ 'ಗುಲಾಮ್ ಮುರ್ತಜಾ ಅಲಿ' ಎಂದಿದೆ. ರಾಜನ ಪಂಥ ಬದಲಾದರೂ ಸಿಕ್ಕಾದಿಂದ ಅಲಿಯ ಹೆಸರು ಹೋಗಲಿಲ್ಲ. ಇನ್ನೊಂದು ಬದಿ 'ಇಬ್ರಾಹಿಂ ಅಬಲಾ ಬಲಿ'. ಫಾರಸಿ ಲಿಪಿಯಲ್ಲಿ ಬರೆದ ಸಂಸ್ಕೃತ ಇದು, ಬಲವಿಲ್ಲದವರಿಗೆ ಬಲವಾದವನು ಎಂದು. ನವರಸಪುರ ಕಟ್ಟಿಸಲು ಹೊರಟ ದೊರೆಯ ಮನಸ್ಸನ್ನು ಇಷ್ಟು ಚಿಕ್ಕ ಜಾಗದಲ್ಲಿ ಹೇಳುವ ಇನ್ನೊಂದು ಕುರುಹು ನನಗೆ ಗೊತ್ತಿಲ್ಲ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲಿ ತೊರವಿಯ ಬಳಿ ಆ ನವರಸಪುರದ ಗೋಡೆಗಳು ಈಗಲೂ ನಿಂತಿವೆ.

ಗೋಲಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹ (1627–1656) ತನ್ನ ಹೊನ್ನಿನ ಮೇಲೆ ಫಾರಸಿ ದ್ವಿಪದಿಯನ್ನೇ ಅಚ್ಚು ಹಾಕಿಸಿದ. ಜಗತ್ತಿಗೆ ಶೋಭೆ ತಂದವರು ಇಬ್ಬರು ಮುಹಮ್ಮದರು, ಒಬ್ಬರು ಪ್ರವಾದಿ, ಇನ್ನೊಬ್ಬ ತಾನು ಎಂಬುದು ಅದರ ತಾತ್ಪರ್ಯ. ಗುಮ್ಮಟ ಕಟ್ಟಿಸಿದವನಿಗೆ ವಿನಯ ಕಡಿಮೆಯೇ ಇದ್ದಿರಬೇಕು. ಆದರೆ ಬಬಲೇಶ್ವರ ತಾಲ್ಲೂಕಿನ ಮಮದಾಪುರದ ದೊಡ್ಡ ಕೆರೆಯೂ ಅವನದೇ ಎಂಬುದನ್ನು ಮರೆಯಬಾರದು. ಅದನ್ನು ನೋಡಿದವರು ಆ ದ್ವಿಪದಿಯನ್ನು ಅರ್ಧ ಮನ್ನಿಸುತ್ತಾರೆ. ಎರಡನೇ ಅಲಿಯ (1656–1672) ದುಡ್ಡಿನ ಮೇಲೆ 'ಗುಲಾಮ್ ಹೈದರ್ ಸಫ್ದರ್' ಎಂದಿದೆ, ಹೈದರ್ ಎಂದರೂ ಹಜರತ್ ಅಲಿಯೇ. ಚಿಕ್ಕ ಮಗುವಾಗಿದ್ದಾಗ ಪಟ್ಟಕ್ಕೆ ಬಂದು ರಾಜ್ಯವನ್ನು ಕಳೆದುಕೊಂಡ ಕೊನೆಯ ಸಿಕಂದರನ (1672–1686) ದುಡ್ಡು ಅವನನ್ನು ಭೂಮಂಡಲ ಗೆದ್ದ ಸಾಮ್ರಾಟ ಎಂದು ಕೂಗುತ್ತದೆ. ರಾಜ್ಯ ಕರಗಿದಷ್ಟೂ ಬಿರುದು ದಪ್ಪವಾಗುವುದು ನಾಣ್ಯಶಾಸ್ತ್ರದಲ್ಲಿ ಹೊಸದಲ್ಲ. 1686ರಲ್ಲಿ ಔರಂಗಜೇಬ ಕೋಟೆ ಹಿಡಿದ ಮೇಲೆ ಇಲ್ಲಿಯ ಮೊಗಲ್ ನಾಣ್ಯಗಳಲ್ಲಿ ಊರಿನ ಹೆಸರೂ ಬಂತು, ಬಿರುದಿನ ಸಮೇತ: ದಾರುಜ್ಜಫರ್ ಬಿಜಾಪುರ, ವಿಜಯದ ಮನೆ.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ಎರಡನೇ ಅಲಿಯ ಲಾರಿ. ಓಡುವ ಲಾರಿಯಲ್ಲ, ಬೆಳ್ಳಿಯ ನಾಣ್ಯ. ಇರಾನಿನ ಲಾರ್ ಎಂಬ ಊರಿನಿಂದ ಹೆಸರು ಪಡೆದದ್ದು. ಅದು ಬಿಲ್ಲೆಯಲ್ಲ, ತಂತಿ. ಐದು ಗ್ರಾಮಿಗೆ ತುಸು ಕಡಿಮೆ ತೂಕದ ಬೆಳ್ಳಿ ತಂತಿಯನ್ನು ನಡುವೆ ಮಡಿಸಿ ಎರಡೆಳೆ ಮಾಡಿ, ಚಪ್ಪಟೆ ಬಡಿದು, ಎರಡೂ ಬದಿ ಅಚ್ಚು ಒತ್ತಿದ್ದಾರೆ. ತಲೆಗೂದಲಿಗೆ ಸಿಕ್ಕಿಸುವ ಪಿನ್ನಿನಂತೆ ಕಾಣುತ್ತದೆ. ಎಳೆ ಸಪೂರವಾದ್ದರಿಂದ 'ಸುಲ್ತಾನ್ ಅಲಿ ಆದಿಲ್ ಶಾಹ' ಎಂಬ ಬರಹದಲ್ಲಿ ಅಕ್ಷರಗಳ ಹೊಟ್ಟೆ ಮಾತ್ರ ಸಿಗುತ್ತದೆ, ಮೇಲಿನ ಚುಕ್ಕೆ ಕೆಳಗಿನ ಬಾಲ ಗಾಳಿಗೆ ಹೋಗಿರುತ್ತವೆ. ಇನ್ನೊಂದು ಬದಿಯಲ್ಲಿ ಕೆಲವು ಸಲ ಹಿಜರಿ ವರ್ಷ ಸಿಗುತ್ತದೆ. ಬರಹ ಬಲದಿಂದ ಎಡಕ್ಕೆ ಓಡಿದರೂ ಅಂಕಿಗಳನ್ನು ಎಡದಿಂದ ಬಲಕ್ಕೇ ಓದಬೇಕು. ನೆಟ್ಟಗಿನ ಗೀಟು ಒಂದು. ಬರೀ ಚುಕ್ಕೆ ಸೊನ್ನೆ. ಬಾಯಿ ಮೇಲೆ ಮಾಡಿ ತೆರೆದ ಮೂಲೆ ಏಳು, ಅದನ್ನೇ ಬೋರಲು ಹಾಕಿದರೆ ಎಂಟು. ಗೀಟು, ಚುಕ್ಕೆ, ತೆರೆದ ಬಾಯಿ, ಗೀಟು ಎಂದರೆ 1071. ಅದನ್ನು 0.97ರಿಂದ ಗುಣಿಸಿ 622 ಕೂಡಿದರೆ ಸುಮಾರು 1660–61 ಬರುತ್ತದೆ, ಎರಡನೇ ಅಲಿಯ ಆಳ್ವಿಕೆಯ ಹೊತ್ತು.

ಇಂಥ ಆಕಾರ ಯಾಕೆ? ಹೊರ್ಮುಜ್, ಬಸ್ರಾದಿಂದ ಹಿಡಿದು ಕೊಂಕಣದ ಬಂದರುಗಳು, ಮಾಲ್ದೀವ್, ಸಿಂಹಳದವರೆಗೆ ವ್ಯಾಪಾರಿಗಳು ನಂಬುತ್ತಿದ್ದದ್ದು ಆ ಮಡಿಸಿದ ತಂತಿಯನ್ನು. ಅದರ ಬೆಳ್ಳಿ ಚೊಕ್ಕ, ತೂಕ ಖಚಿತ; ಸಂಶಯ ಬಂದರೆ ಒಂದು ಕಡೆ ಉಳಿಯಿಂದ ಗೀರಿದರೆ ಒಳಗಿನ ಲೋಹ ಕಾಣುತ್ತದೆ. ದಾಭೋಳದಂಥ ಬಂದರಿನಿಂದ ಸಮುದ್ರ ವ್ಯಾಪಾರ ನಡೆಸುತ್ತಿದ್ದ ಆದಿಲ್‌ಶಾಹಿಗಳು ದುಂಡನೆಯ ಬೆಳ್ಳಿ ರೂಪಾಯಿ ಹೊರಡಿಸಿ ವ್ಯಾಪಾರಿಗಳಿಗೆ ಪಾಠ ಹೇಳಲು ಹೋಗಲಿಲ್ಲ. ಬಂದರು ಯಾವುದನ್ನು ಒಪ್ಪುತ್ತದೋ ಅದೇ ತಂತಿಯನ್ನು ಮಡಿಸಿ ತಮ್ಮ ಹೆಸರು ಒತ್ತಿದರು.

ಆ ಬೆಳ್ಳಿ ಎಲ್ಲಿಂದ ಬಂತು ಎಂದು ಹಿಂದೆ ಹಿಂದೆ ಹೋದರೆ ದಾರಿ ದಕ್ಷಿಣ ಅಮೆರಿಕದ ಕಡೆ ತಿರುಗುತ್ತದೆ. ಈಗಿನ ಬೊಲಿವಿಯಾದ ಪೊಟೋಸಿಯಲ್ಲಿ 1545ರಲ್ಲಿ ಬೆಳ್ಳಿಯ ಬೆಟ್ಟ ಸಿಕ್ಕಿತು, 1570ರ ದಶಕದಲ್ಲಿ ಅಲ್ಲೇ ಸ್ಪೇನಿನ ಟಂಕಸಾಲೆ ಶುರುವಾಯಿತು. ಅಲ್ಲಿಯ ಎಂಟು ರಿಯಾಲ್ ನಾಣ್ಯಗಳು ಯುರೋಪಿಗೆ ಹೋಗಿ, ಅಲ್ಲಿಂದ ಪೋರ್ಚುಗೀಸರ ಹಡಗುಗಳಲ್ಲೂ ಪಶ್ಚಿಮ ಏಷ್ಯಾದ ವರ್ತಕರ ಗಂಟುಗಳಲ್ಲೂ ನಮ್ಮ ಕರಾವಳಿಗೆ ಬಂದು ಕರಗಿ ಬೇರೆ ಬೇರೆ ನಾಣ್ಯಗಳಾದವು. ಬಿಜಾಪುರದ ಲಾರಿಯಲ್ಲೂ ಪೊಟೋಸಿಯ ಬೆಳ್ಳಿ ಸೇರಿರುವ ಸಾಧ್ಯತೆ ದಟ್ಟವಾಗಿದೆ. ಗೋವಾ 1510ರಲ್ಲಿ ಪೋರ್ಚುಗೀಸರ ಪಾಲಾಗುವವರೆಗೆ ಆದಿಲ್‌ಶಾಹಿಗಳದೇ ಆಗಿತ್ತು. ಆಮೇಲೆ ಅದೇ ಬಾಗಿಲಿನಿಂದ ಅಮೆರಿಕದ ಪದಾರ್ಥಗಳು ಒಳಬಂದವು. ಮೆಣಸಿನಕಾಯಿಯ ಮಾತು ಎಲ್ಲರಿಗೂ ಗೊತ್ತು. ತಂಬಾಕಿನದು ಅಷ್ಟು ಗೊತ್ತಿಲ್ಲ: ಅಕ್ಬರನ ದೂತ ಅಸದ್ ಬೇಗ್ ಬಿಜಾಪುರಕ್ಕೆ ಬಂದಾಗ ಇಲ್ಲಿ ಅದನ್ನು ಕಂಡು, 1604ರ ಸುಮಾರಿಗೆ ಆಗ್ರಾದ ದರ್ಬಾರಿಗೆ ಒಯ್ದ.

ಪೊಟೋಸಿಯಲ್ಲೇ ನಾಣ್ಯದ ನಂಬಿಕೆಯ ಬಲು ದೊಡ್ಡ ಹಗರಣವೂ ಆಯಿತು. 1640ರ ದಶಕದಲ್ಲಿ ಟಂಕಸಾಲೆಯವರೇ ಬೆಳ್ಳಿಗೆ ತಾಮ್ರ ಬೆರೆಸಿದರು. ದೂರು ಸ್ಪೇನಿನ ದೊರೆಯವರೆಗೆ ಹೋಗಿ, ತಪ್ಪಿತಸ್ಥರಿಗೆ ಮರಣದಂಡನೆಯಾಯಿತು. ಅಷ್ಟರಿಂದ ವ್ಯಾಪಾರಿಗಳ ಸಂಶಯ ಹೋಗಲಿಲ್ಲ. ಕೊನೆಗೆ 1652ರಲ್ಲಿ ನಾಣ್ಯದ ವಿನ್ಯಾಸವನ್ನೇ ಬದಲಿಸಿದರು: ಎರಡು ಕಂಬ, ಕೆಳಗೆ ಸಮುದ್ರದ ಅಲೆ. ಚೊಕ್ಕ ಬೆಳ್ಳಿಯ ಹೊಸ ನಾಣ್ಯವನ್ನು ಜನ ನೋಡಿದ ಕೂಡಲೇ ಗುರುತಿಸಲಿ ಎಂದು. ನಮ್ಮ ಹತ್ತು ಗೆರೆ–ಹದಿನೈದು ಗೆರೆಯ ಕತೆಗೆ ಇದು ತದ್ವಿರುದ್ಧ. ಅಲ್ಲಿ ಹೊಸ ವಿನ್ಯಾಸ ನಂಬಿಕೆ ತಂದಿತು; ಇಲ್ಲಿ ಪದೇ ಪದೇ ಬಂದ ಹೊಸ ವಿನ್ಯಾಸ ಇದ್ದ ನಂಬಿಕೆಯನ್ನೂ ಅಲ್ಲಾಡಿಸಿತು.

ಅದೇ ಪೊಟೋಸಿಯ ಟಂಕಸಾಲೆ 1813ರಲ್ಲಿ ಅರ್ಜೆಂಟೀನಾದ ಸ್ವಾತಂತ್ರ್ಯ ಸೈನಿಕರ ಕೈಗೆ ಬಂದಾಗ ಸ್ಪೇನಿನ ಲಾಂಛನ ತೆಗೆದು ಒಂದು ಸೂರ್ಯನನ್ನು ಕೂರಿಸಿದರು. ಕಣ್ಣು, ಮೂಗು, ಬಾಯಿ ಎಲ್ಲ ಇರುವ ಸೂರ್ಯ. ಇಂದಿಗೂ ಅರ್ಜೆಂಟೀನಾದ ಧ್ವಜದ ನಡುವೆ ಇರುವುದು ಅವನೇ. ಮುಂದೆ ದೊರೆಯ ಪಡೆ ಟಂಕಸಾಲೆಯನ್ನು ಮರಳಿ ಹಿಡಿದಾಗ ದೊರೆಯ ನಾಣ್ಯ, 1815ರಲ್ಲಿ ಮತ್ತೆ ಸೂರ್ಯ. ಬೆಟ್ಟವೂ ಬೆಳ್ಳಿಯೂ ಅದೇ, ಗುರುತು ಮಾತ್ರ ಕೋಟೆ ಹಿಡಿದವರದು. ಬೊಲಿವಿಯಾ ದೇಶ ಆ ಬೆಟ್ಟವನ್ನೇ ತನ್ನ ಲಾಂಛನದಲ್ಲಿ ಇಟ್ಟುಕೊಂಡಿದೆ. ಅದರ ನಾಣ್ಯಗಳಲ್ಲಿ ಅದು ಈಗಲೂ ಕಾಣುತ್ತದೆ.

ಆ ಖಂಡದ ನಾಣ್ಯಗಳನ್ನು ನೋಡುವಾಗ ಮೊದಲು ಕೇಳಬೇಕಾದದ್ದು, ಇಲ್ಲಿ ಮನುಷ್ಯನ ತಲೆ ಇದೆಯೇ, ಲಾಂಛನವೇ, ಅಥವಾ ಗಿಡ–ಪ್ರಾಣಿಯೇ ಎಂದು. ವೆನೆಜುವೆಲಾದ ನಾಣ್ಯಕ್ಕೆ ಸ್ವಾತಂತ್ರ್ಯ ನಾಯಕ ಬೊಲಿವಾರನ ಹೆಸರು, ಮುಖವೂ ಅವನದೇ. ಪೆರುವಿನ ಲಾಂಛನದಲ್ಲಿ ವಿಕುನ್ಯಾ ಎಂಬ ಒಂಟೆಯ ಜಾತಿಯ ಪ್ರಾಣಿ, ಮಲೇರಿಯಾದ ಕ್ವಿನೀನ್ ಕೊಟ್ಟ ಸಿಂಕೋನಾ ಮರ, ನಾಣ್ಯ ಸುರಿಯುವ ಕೊಂಬು ಇವೆ. ಕೊಲಂಬಿಯಾ 2012ರಲ್ಲಿ ಕನ್ನಡಕದ ಕರಡಿ, ಗಾಜುಗಪ್ಪೆ, ಕಡಲಾಮೆಗಳನ್ನು ತಂದಿತು. ಉರುಗ್ವೆ 2011ರಿಂದ ತನ್ನ ಚಿಪ್ಪಿನ ಪ್ರಾಣಿ, ಪ್ಯೂಮಾಗಳನ್ನು. ಅರ್ಜೆಂಟೀನಾದ ಇತ್ತೀಚಿನ ಒಂದು ಪೆಸೊ ಮೇಲೆ ಜಕರಂಡ ಮರವಿದೆ, ಬೆಂಗಳೂರಿನ ರಸ್ತೆಗಳಲ್ಲಿ ನೇರಳೆ ಹೂ ಸುರಿಸುವ ಅದೇ ಮರ. ಗಯಾನಾದ ಒಂದು ಡಾಲರ್ ನಾಣ್ಯದಲ್ಲಿ ಭತ್ತ, ಐದರಲ್ಲಿ ಕಬ್ಬು. 1838ರಿಂದ ಭಾರತದ ಕೂಲಿಗಳನ್ನು ಹಡಗು ಹತ್ತಿಸಿ ಒಯ್ದದ್ದು ಆ ಕಬ್ಬಿನ ಗದ್ದೆಗಳಿಗೇ.

ಪ್ರಾಣಿ–ಗಿಡಗಳ ಕಡೆಗೆ ಹೊರಳುವುದಕ್ಕೆ ಪರಿಸರ ಪ್ರೇಮ ಒಂದೇ ಕಾರಣವಲ್ಲ ಎಂದು ನನ್ನ ಗುಮಾನಿ. ಕಪ್ಪೆಯ ಬಗ್ಗೆ ಯಾರೂ ಜಗಳ ತೆಗೆಯುವುದಿಲ್ಲ. ಚಿಲಿಯ ಹತ್ತು ಪೆಸೊ ನೋಡಿ. 1981ರಿಂದ ಅದರ ಮೇಲೆ ಸರಪಳಿ ಕಡಿಯುವ ರೆಕ್ಕೆಯ ಹೆಂಗಸು, 'ಸ್ವಾತಂತ್ರ್ಯ' ಎಂಬ ಮಾತು, ಜೊತೆಗೆ 1973ರ ಸೆಪ್ಟೆಂಬರ್ 11ರ ದಿನಾಂಕ. ಅದು ಸೇನಾಪತಿ ಪಿನೋಚೆ ಸೇನೆಯ ಬಲದಿಂದ ಅಧಿಕಾರ ಕಿತ್ತುಕೊಂಡ ದಿನ. ಸರ್ವಾಧಿಕಾರಿಯ ದೃಷ್ಟಿಯಲ್ಲಿ ಅದು ಬಿಡುಗಡೆ, ಮನೆಯವರನ್ನು ಕಳೆದುಕೊಂಡವರಿಗೆ ದಿನಾ ಕಿಸೆಯಲ್ಲಿ ಚುಚ್ಚುವ ಮುಳ್ಳು. 1990ರಲ್ಲಿ ಪ್ರಜಾಪ್ರಭುತ್ವ ಮರಳಿದ ಮೇಲೆ ಆ ಹೆಂಗಸು ಹೋಗಿ ಸ್ವಾತಂತ್ರ್ಯ ವೀರ ಓ'ಹಿಗಿನ್ಸ್ ಬಂದ.

ನಮ್ಮಲ್ಲೂ ಇಂಥ ಜಗಳಗಳಿವೆ. 1911ರ ರೂಪಾಯಿಯಲ್ಲಿ ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಕೆತ್ತಿದ್ದ ಆನೆಯ ಸೊಂಡಿಲು ಗಿಡ್ಡವಾಗಿ ಅದು ಹಂದಿಯಂತೆ ಕಂಡಿತು. ಮುಸ್ಲಿಮರು ಸಿಟ್ಟಿಗೆದ್ದರು. ಸರ್ಕಾರ ಆ ನಾಣ್ಯ ನಿಲ್ಲಿಸಿ, 1912ರಲ್ಲಿ ಆನೆಯನ್ನು ತಿದ್ದಿಸಿತು. ಒಂದು ಸೊಂಡಿಲಿನ ಉದ್ದಕ್ಕೆ ಒಂದು ನಾಣ್ಯವೇ ನಿಂತಿತು. 2005ರ ಇಸವಿಯ ಎರಡು ರೂಪಾಯಿಯ ವಿನ್ಯಾಸ 'ವೈವಿಧ್ಯದಲ್ಲಿ ಏಕತೆ' ಎಂಬ ಅರ್ಥದ್ದು ಎಂದು ಟಂಕಸಾಲೆ ಹೇಳಿತು. ಕೆಲವರಿಗೆ ಅದು ಶಿಲುಬೆಯಾಗಿ ಕಂಡಿತು. 2007ರಲ್ಲಿ ನೃತ್ಯದ ಹಸ್ತಮುದ್ರೆಗಳು ಬಂದವು.

ದೇವರ ಚಿತ್ರದ ವಿಚಾರದಲ್ಲಿ ಕನ್ನಡ ನಾಡಿನ ನಾಣ್ಯಗಳು ಬೇರೆಯೇ ಪಾಠ ಹೇಳುತ್ತವೆ. ಬಾದಾಮಿ ಚಾಲುಕ್ಯರ ವರಾಹ ಲಾಂಛನ ಚಿನ್ನದ ನಾಣ್ಯಕ್ಕೇ ಹೆಸರಾಯಿತು. ಹೊಯ್ಸಳ ವಿಷ್ಣುವರ್ಧನ ಸಿಂಹ ಹಾಕಿಸಿ, ಹಿಂದೆ 'ತಲಕಾಡುಗೊಂಡ' ಎಂದು ಕನ್ನಡದಲ್ಲೇ ಬರೆಸಿದ. ವಿಜಯನಗರದ ವರಹಗಳಲ್ಲಿ ಉಮಾ–ಮಹೇಶ್ವರರು, ಕೃಷ್ಣದೇವರಾಯನ ಕಾಲಕ್ಕೆ ಬಾಲಕೃಷ್ಣ, ಅಚ್ಯುತರಾಯನದರಲ್ಲಿ ಗಂಡಭೇರುಂಡ. 1565ರ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರ ಬಿತ್ತು, ವರಹ ಬೀಳಲಿಲ್ಲ. ಉಮಾ–ಮಹೇಶ್ವರರು ಇಕ್ಕೇರಿ ನಾಯಕರ ಹೊನ್ನಿಗೆ ಹೋದರು. 1763ರಲ್ಲಿ ಬಿದನೂರು ಗೆದ್ದ ಹೈದರ್ ಅಲಿ ಆ ಅಚ್ಚನ್ನು ಒಡೆಯಲಿಲ್ಲ. ಒಂದು ಬದಿ ಶಿವ–ಪಾರ್ವತಿಯರನ್ನೇ ಉಳಿಸಿ ಇನ್ನೊಂದು ಬದಿ ತನ್ನ ಹೆಸರಿನ ಮೊದಲ ಫಾರಸಿ ಅಕ್ಷರ ಒಂದನ್ನು ಮಾತ್ರ ಒತ್ತಿಸಿದ. ಧರ್ಮಸಹಿಷ್ಣುತೆಯ ಮಾತಿರಲಿ, ಜಾಣ ವ್ಯಾಪಾರದ ಮಾತೂ ಅದರಲ್ಲಿದೆ. ಜನರ ಕೈ ಒಗ್ಗಿದ ಹೊನ್ನನ್ನು ಕೆಡಿಸುವುದರಲ್ಲಿ ಅವನಿಗೆ ಲಾಭವಿರಲಿಲ್ಲ.

ಮನೆಯ ಹಿರಿಯ ಹೆಂಗಸರ ಕೊರಳಿನ ಪುತಳಿ ಸರವೂ ಇದೇ ಲೆಕ್ಕದ್ದು. ಅದರ ಮೂಲ ವೆನಿಸ್ ನಗರದ ಚಿನ್ನದ ಡುಕಾಟ್. ಸಂತ ಮಾರ್ಕನ ಮುಂದೆ ನಗರದ ಅಧಿಪತಿ ಮಂಡಿಯೂರಿ ಧ್ವಜ ಪಡೆಯುವ ಚಿತ್ರ, ಹಿಂದೆ ನಕ್ಷತ್ರಗಳ ನಡುವೆ ಕ್ರಿಸ್ತ. 1284ರಿಂದ 1797ರವರೆಗೆ ವೆನಿಸ್ ಆ ವಿನ್ಯಾಸವನ್ನು ಬದಲಿಸಲೇ ಇಲ್ಲ. ಆದ್ದರಿಂದಲೇ ದಖನ್ನಿನ ಸಂತೆಗೂ ಅದರ ಮೇಲೆ ಭರವಸೆ. ನಮ್ಮ ಅಕ್ಕಸಾಲಿಗರು ನಕಲು ಮಾಡುತ್ತ ಮಾಡುತ್ತ ಸಂತನೂ ಅಧಿಪತಿಯೂ ರಾಮ–ಸೀತೆಯರಾದರು, ಆಮೇಲೆ ಲಕ್ಷ್ಮಿ ಬಂದಳು. ಹಳೆಯ ಪುತಳಿ ಇದ್ದರೆ ಭೂತಗನ್ನಡಿ ಹಿಡಿದು ನೋಡಿ: ಉದ್ದನೆ ಕೋಲಿನ ಎರಡೂ ಕಡೆ ಇಬ್ಬರು, ಒಬ್ಬರು ತುಸು ಬಾಗಿದ್ದರೆ ಅದು ವೆನಿಸ್ಸಿನ ನೆರಳು.

ಈ ಜಿಲ್ಲೆಯ ಬಸವನ ಬಾಗೇವಾಡಿಯ ಮಗನೂ ಭಾರತದ ನಾಣ್ಯದ ಮೇಲೆ ಬಂದಿದ್ದಾರೆ. 2006ರ ಇಸವಿಯ ಐದು ರೂಪಾಯಿಯಲ್ಲಿ ಬಸವಣ್ಣನವರ ಚಿತ್ರವಿದೆ, ಸುತ್ತ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಹೆಸರು. ಕನ್ನಡದಲ್ಲಿ ಇಲ್ಲ. ನೋಟಿನ ಹಿಂಬದಿಯ ಭಾಷಾಪಟ್ಟಿಯಲ್ಲಿ ಕನ್ನಡಕ್ಕೆ ಜಾಗ ಇದೆ, ನಾಣ್ಯದ ಮೇಲೆ ಎರಡೇ ಭಾಷೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನ ಮೇಲೆ ಕನ್ನಡ ಇತ್ತು, ಹೊಯ್ಸಳರ ಹೊನ್ನಿನ ಮೇಲೂ ಇತ್ತು. ವಚನವನ್ನು ಆಡುಮಾತಿನಲ್ಲಿ ಕಟ್ಟಿದವರ ನಾಣ್ಯಕ್ಕಾದರೂ ಒಂದು ಸಾಲು ಕನ್ನಡ ಇದ್ದಿದ್ದರೆ ಟಂಕಸಾಲೆಗೆ ಬಹಳ ಖರ್ಚಾಗುತ್ತಿರಲಿಲ್ಲ.

ಕೊನೆಯದಾಗಿ ವ್ಯವಹಾರದ ಎರಡು ಮಾತು. ವೈಷ್ಣೋದೇವಿ ಚಿತ್ರದ ಐದರ, ಹತ್ತರ ನಾಣ್ಯಕ್ಕೆ ಲಕ್ಷಗಟ್ಟಲೆ ರೊಕ್ಕ ಕೊಡುತ್ತೇವೆ, ಮೊದಲು ಶುಲ್ಕ ಕಳಿಸಿ ಎಂದು ಮೊಬೈಲಿಗೆ ಬರುವ ಸಂದೇಶ ಮೋಸದ್ದು. ಹಳೆಯ ನೋಟು–ನಾಣ್ಯ ಕೊಳ್ಳುವ ಹೆಸರಿನಲ್ಲಿ ತನ್ನ ಹೆಸರು ಬಳಸಿ ವಂಚಿಸುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಇನ್ನೊಂದು, ಹೊಲದ್ದು. ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ಪಡಕ್ಕೆ ಗುಂಡಿ ತೋಡುವಾಗ, ಕೃಷಿಹೊಂಡ ತೆಗೆಯುವಾಗ ತಾಮ್ರದ ಹಸಿರುಗಟ್ಟಿದ ಬಿಲ್ಲೆಗಳು ಸಿಕ್ಕರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಆ ಹಸಿರಿನ ಜೊತೆ ಉಳಿದ ಅರ್ಧ ಅಕ್ಷರವೂ ಹೋಗುತ್ತದೆ. ಸಿಕ್ಕ ಜಾಗದಲ್ಲೇ ಇರುವಂತೆ, ಅಳತೆಗೆ ಪಕ್ಕದಲ್ಲಿ ಒಂದು ರೂಪಾಯಿ ಇಟ್ಟು ಎರಡೂ ಬದಿಯ ಫೋಟೊ ತೆಗೆಯಿರಿ. ಗಡಿಗೆಯಲ್ಲಿ ಸಿಕ್ಕಿದ್ದರೆ ಗಡಿಗೆಯ ಚೂರುಗಳನ್ನೂ ಬಿಡಬೇಡಿ. ಒಟ್ಟಿಗೆ ಹೂತ ನಾಣ್ಯಗಳು ಒಟ್ಟಿಗೇ ಇದ್ದರೆ ಹೂತ ಕಾಲ ಗೊತ್ತಾಗುತ್ತದೆ. ನಿಧಿ ಕಾಯ್ದೆಯಂತೆ ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು, ನೂರು ವರ್ಷ ದಾಟಿದ ನಾಣ್ಯವನ್ನು ದೇಶದಿಂದ ಹೊರಗೆ ಮಾರುವಂತಿಲ್ಲ. ತಹಶೀಲ್ದಾರರ ಕಚೇರಿಗೆ ಒಂದು ಲಿಖಿತ ಅರ್ಜಿ ಕೊಟ್ಟು, ಅದರ ಮೇಲೆ ಸ್ವೀಕೃತಿಯ ಠಸ್ಸೆ ಹಾಕಿಸಿಕೊಂಡು ಬನ್ನಿ.